ಯುರೋಪಿಗೆ ಹೋದ ಮೂರು ಗೊಂಬೆಗಳು: ಕಿನ್ನಾಳದ ಆನೆ, ಸಂಡೂರಿನ ಸೋನಿಬಾಯಿ, ಇನ್ನೊಂದು ಟೆಡ್ಡಿ

ಟೂರಿಗೆ ಹೋಗುವಾಗ ಒಂದು ಗೊಂಬೆ ಜೊತೆಗಿಟ್ಟುಕೊಂಡು, ಹೋದಲ್ಲೆಲ್ಲ ಅದನ್ನು ನಿಲ್ಲಿಸಿ ಫೋಟೋ ತೆಗೆಯುವ ಹುಚ್ಚು ಈಗ ಜಾಸ್ತಿ. ನಮ್ಮ ಗೆಳತಿಯರ ಗುಂಪಿಗೂ ಅದು ಅಂಟಿದೆ. ಯುರೋಪಿಗೆ ಹೊರಟಾಗ ಯಾವ ಗೊಂಬೆ ನಮ್ಮ ಮ್ಯಾಸ್ಕಾಟ್ ಆಗಬೇಕು ಅನ್ನುವುದಕ್ಕೆ ವಾಟ್ಸಾಪಿನಲ್ಲಿ ದೊಡ್ಡ ಜಗಳವೇ ನಡೆಯಿತು. ಕೊಪ್ಪಳದವಳಾದ ನಾನು ಕಿನ್ನಾಳದ ಮರದ ಆನೆ ಅಂದೆ. ಸಂಡೂರಿನ ಗೆಳತಿ ಲಂಬಾಣಿ ಕಸೂತಿಯ ಬಟ್ಟೆ ಗೊಂಬೆ ಅಂದಳು. ಗಂಗಾವತಿಯವಳು ಮಗಳ ಟೆಡ್ಡಿಯನ್ನು ಆಗಲೇ ಸೂಟ್‌ಕೇಸಿಗೆ ತುರುಕಿಯಾಗಿತ್ತು. ಯಾರೂ ಜಗ್ಗಲಿಲ್ಲ, ಮೂರೂ ಹೊರಟವು.

ಚನ್ನಪಟ್ಟಣದ್ದು ಯಾಕೆ ಬೇಡ ಅಂತ ನೀವು ಕೇಳಬಹುದು. ಅದು ಗಟ್ಟಿ, ಅರಗಿನ ಹೊಳಪು ಬೇರೆ. ಆದರೆ ಮನೆ ಹಿಂದೆಯೇ ಕಿನ್ನಾಳ ಇಟ್ಟುಕೊಂಡು ಚನ್ನಪಟ್ಟಣಕ್ಕೆ ಹೋಗೋಕೆ ಮನಸ್ಸು ಬರಲಿಲ್ಲ, ಅಷ್ಟೇ. ತೊಗಲು ಗೊಂಬೆಯ ಮಾತೂ ಬಂದಿತ್ತು. ಮೊರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ತೊಗಲು ಗೊಂಬೆಯ ಮೇಲೆ ಪ್ರೀತಿ ಉಕ್ಕಿದೆ. ಆದರೆ ಅದರ ಚೆಂದ ಇರುವುದು ಹಿಂದೆ ದೀಪ, ಮುಂದೆ ಪರದೆ ಇದ್ದಾಗ. ಬ್ಯಾಗಿನಲ್ಲಿ ಮಡಚಿಟ್ಟು ಬೀದಿ ಬೀದಿ ಸುತ್ತಿಸುವ ವಸ್ತು ಅದಲ್ಲ.

ಮೊದಲು ಆನೆಯ ವಿಷಯ. ಕಿನ್ನಾಳ ಇರುವುದು ಕೊಪ್ಪಳ ತಾಲೂಕಿನಲ್ಲೇ. ಅಲ್ಲಿನ ಚಿತ್ರಗಾರರ ಮನೆಗಳಲ್ಲಿ ಈ ಗೊಂಬೆಗಳನ್ನು ಮಾಡುತ್ತಾರೆ. ಮರ ತುಂಬಾ ಹಗುರ. ಬಿಡಿ ಭಾಗಗಳನ್ನು ಕೆತ್ತಿ ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಹಳೇ ಗೋಣಿ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ ಅನ್ನುವ ಮೆತ್ತುವ ಹದ ಸಿದ್ಧ. ಮೈಗೆಲ್ಲ ಅದನ್ನು ಬಳಿದು ಉಜ್ಜುತ್ತಾರೆ. ಒಡವೆ, ಗೊಂಡೆ, ಅಂಬಾರಿಯ ಅಂಚು ಇವೆಲ್ಲ ಉಬ್ಬಿ ಕಾಣುವುದು ಕಲ್ಲಿನ ಪುಡಿ ಮತ್ತು ಅಂಟಿನ ಪಾಕದಿಂದ. ಆಮೇಲೆ ಬಣ್ಣ. ಹಂಪಿ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಬರೆದವರು ಇವರ ಹಿರಿಯರೇ ಅನ್ನುವ ಮಾತು ಇದೆ. ಕಿನ್ನಾಳದ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು ಕೂಡ ಇದೆ.

ಮೊದಲು ನನ್ನ ಕಣ್ಣಿದ್ದದ್ದು ಗರುಡನ ಮೇಲೆ. ಅವ್ವ ಬಿಡಲಿಲ್ಲ. "ದೇವರ ಗೊಂಬಿ ಬ್ಯಾಗಿನ್ಯಾಗ ಹಾಕ್ಕೊಂಡು ಎಲ್ಲೆಲ್ಲಿ ತಿರಗ್ತಿ? ಚಪ್ಪಲಿ ಮಗ್ಗಲಕ ಇಡ್ತಿ ಏನ?" ಅಂದಳು. ಸರಿ, ಆನೆಯಾದರೆ ಯಾರದೂ ತಕರಾರಿಲ್ಲ ಅಂತ ಅಂಗೈಯಷ್ಟಿನ ಒಂದು ಆನೆ ತಂದೆ. ಕೊಡುವಾಗ ಅದನ್ನು ಮಾಡಿದ ಕಾಕಾ ಹೇಳಿದ್ದು ಇಷ್ಟೇ: "ನೋಡವ್ವ, ಇದಕ್ಕ ನೀರು ತಾಗಿಸಬ್ಯಾಡ. ಸೊಂಡಿ ಹಿಡದು ಎತ್ತಬ್ಯಾಡ." ಯುರೋಪಿನಲ್ಲಿ ಆ ಎರಡು ಮಾತು ಪಾಲಿಸುವುದರಲ್ಲೇ ನನ್ನ ಅರ್ಧ ಟೂರು ಮುಗಿಯಿತು.

ಸೋನಿಬಾಯಿ ಬಟ್ಟೆಯ ಗೊಂಬೆ, ಒಳಗೆ ಹತ್ತಿ. ಫೇಟಿಯಾ ಅಂದರೆ ಲಂಗ, ಕಾಂಚಳಿ ಅಂದರೆ ರವಿಕೆ, ತಲೆ ಮೇಲೆ ಸೆರಗು, ಅಂಚಿಗೆ ಕವಡೆ, ಎದೆಯ ತುಂಬ ಬೆರಳುಗುರಿನಷ್ಟು ಕನ್ನಡಿ ಚೂರುಗಳು. ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ಕಸೂತಿ ತುಂಡುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಮಾಡಿದ್ದು ನೆನಪಿರಬೇಕಲ್ವಾ? ಅದೇ ಕೈಕೆಲಸ ಇದು. ಹೆಸರಿಟ್ಟದ್ದು ಗೆಳತಿಯ ಅಜ್ಜಿ.

ಟೆಡ್ಡಿಯ ಬಗ್ಗೆ ಹೇಳುವುದು ಕಡಿಮೆ. ಕಂದು ಬಣ್ಣ, ಕೊರಳಿಗೆ ರಿಬ್ಬನ್, ಹೆಸರು ಗುಂಡಣ್ಣ.

ಏರ್‌ಪೋರ್ಟಿನಲ್ಲೇ ಮೂವರ ಸ್ವಭಾವ ಗೊತ್ತಾಯಿತು. ಗುಂಡಣ್ಣ ಮೆಷಿನ್ನಿನೊಳಗೆ ಹೋದ, ಬಂದ. ಆನೆಯನ್ನು ಒಬ್ಬ ಸಿಬ್ಬಂದಿ ಹೊರಗೆ ತೆಗೆಸಿ ಹೊಟ್ಟೆ ತಟ್ಟಿ ನೋಡಿದ. ಇಷ್ಟು ಹಗುರ ಯಾಕೆ ಅನ್ನುವುದು ಅವನ ಅನುಮಾನ. ಸೋನಿಬಾಯಿಯ ಗೆಜ್ಜೆ ಮತ್ತು ಕನ್ನಡಿ ಸ್ಕ್ಯಾನರಿನಲ್ಲಿ ಏನೋ ಥರ ಕಂಡು ಅವಳನ್ನೂ ಪಕ್ಕಕ್ಕಿಟ್ಟರು. ಅಲ್ಲಿದ್ದ ಹೆಂಗಸು ಎತ್ತಿ ಅಲ್ಲಾಡಿಸಿದಾಗ ಗೆಜ್ಜೆ ಘಲ್ ಅಂತು, ಅವಳೂ ನಕ್ಕು ಬಿಟ್ಟಳು. ಅಲ್ಲಿಂದ ಮುಂದೆ ಮೂರೂ ಕೈಬ್ಯಾಗಿನಲ್ಲೇ. ಚೆಕ್-ಇನ್ ಲಗೇಜಿಗೆ ಮರದ ಗೊಂಬೆ ಹಾಕುವ ಧೈರ್ಯ ಯಾರೂ ಮಾಡಬೇಡಿ.

ಪ್ಯಾರಿಸಿನಲ್ಲಿ ಟ್ರೊಕಾಡೆರೊ ಕಟ್ಟೆ ಮೇಲೆ ನಿಂತರೆ ಐಫೆಲ್ ಗೋಪುರ ನೇರ ಎದುರಿಗೆ. 1889ರಲ್ಲಿ ಕಟ್ಟಿದ್ದು, ಈಗ ತುದಿಯ ಆಂಟೆನಾ ಸೇರಿ 330 ಮೀಟರ್. ಅಂಗೈ ಆನೆಯನ್ನೂ ಗೋಪುರವನ್ನೂ ಒಂದೇ ಫೋಟೋದಲ್ಲಿ ತರಬೇಕಾದರೆ ಆನೆಯನ್ನು ಕ್ಯಾಮೆರಾದ ಮೂಗಿನ ಹತ್ತಿರ ಹಿಡಿಯಬೇಕು. ಆಗ ಕೈ ಕಾಣುತ್ತದೆ. ಕಟ್ಟೆ ಮೇಲೆ ಇಟ್ಟರೆ ಗಾಳಿಗೆ ಉರುಳುತ್ತದೆ, ಅಷ್ಟು ಹಗುರ. ಸೋನಿಬಾಯಿಯ ವಿಷಯದಲ್ಲಿ ಸಂಡೂರಿನವಳು ಒಂದು ಉಪಾಯ ಕಂಡುಹಿಡಿದಳು. ಗೊಂಬೆಯ ಮುಖವನ್ನು ಗೋಪುರದ ಕಡೆ ತಿರುಗಿಸಿ, ತಾನು ಓರೆಯಲ್ಲಿ ಬಗ್ಗಿ ನಿಂತು, ಎದೆಯ ಮೇಲಿನ ಒಂದೇ ಒಂದು ಕನ್ನಡಿ ಚೂರಿಗೆ ಫೋಕಸ್ ಮಾಡಿದಳು. ಕೆಂಪು ದಾರದ ಹೊಲಿಗೆಯ ಚೌಕಟ್ಟಿನೊಳಗೆ ಇಡೀ ಐಫೆಲ್ ಗೋಪುರ! ನಮ್ಮ ಟೂರಿನ ಅತಿ ಒಳ್ಳೆ ಫೋಟೋ ಅದೇ. ಆನೆಯ ಒಡತಿಯಾದ ನಾನೂ ಒಪ್ಪುತ್ತೇನೆ.

ಇಲ್ಲೊಂದು ಬುದ್ಧಿಮಾತು. ಗೊಂಬೆ ಫೋಟೋಗೆ ಎಲ್ಲರೂ ಬಗ್ಗಿ ಕೂರುತ್ತಾರೆ, ಬ್ಯಾಗು ಹಿಂದೆ ಉಳಿಯುತ್ತದೆ. ಜೇಬುಗಳ್ಳರಿಗೆ ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಒಬ್ಬಳು ಗೊಂಬೆ ನೋಡಲಿ, ಒಬ್ಬಳು ಬರೀ ಬ್ಯಾಗು ನೋಡಲಿ.

ಬ್ರಸೆಲ್ಸಿನಲ್ಲಿ ಮ್ಯಾನೆಕೆನ್ ಪಿಸ್ ಅಂತ ಉಚ್ಚೆ ಹೊಯ್ಯುವ ಹುಡುಗನ ಕಂಚಿನ ಮೂರ್ತಿ ಇದೆ. ಊರೆಲ್ಲ ಅದರದೇ ಸುದ್ದಿ. ಹೋಗಿ ನೋಡಿದರೆ ಅರ್ಧ ಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಮೂಲೆಯಲ್ಲಿ ನಿಂತಿರುವುದು ನಕಲು. ಅಸಲಿ ಮೂರ್ತಿ ಗ್ರಾಂಡ್ ಪ್ಲಾಸ್ ಚೌಕದ ಮ್ಯೂಸಿಯಮ್ಮಿನಲ್ಲಿದೆ. ಈ ಹುಡುಗನಿಗೆ ಸಾವಿರಕ್ಕೂ ಹೆಚ್ಚು ಜೊತೆ ಬಟ್ಟೆ! ದೇಶ ದೇಶದವರು ಹೊಲಿಸಿ ಕೊಡುತ್ತಾರೆ, ಅವನ್ನಿಡಲು ಹತ್ತಿರದಲ್ಲೇ ಬೇರೆ ಮ್ಯೂಸಿಯಮ್ಮು. 1698ರಲ್ಲೇ ಒಂದು ಜೊತೆ ಕೊಟ್ಟಿದ್ದರಂತೆ. ನಾವು ಹೋದಾಗ ಹುಡುಗ ಬರಿಮೈಯಲ್ಲಿದ್ದ. ಸೋನಿಬಾಯಿಯನ್ನು ಕಂಬಿಯ ಮೇಲೆ ಕೂರಿಸಿದಾಗ ಗಂಗಾವತಿಯವಳು, "ಏ, ಆಕಿ ಮುಖ ಈ ಕಡೆ ತಿರುಗಿಸ್ರೇ, ಮರ್ಯಾದಿಯಿಂದ ಬೆಳದಾಕಿ" ಅಂದಳು. ಪಕ್ಕದಲ್ಲಿದ್ದ ಸ್ಪೇನಿನ ಒಂದು ಗುಂಪು ನಾವು ಯಾಕೆ ನಗುತ್ತಿದ್ದೇವೆ ಅಂತ ಕೇಳಿತು. ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಸೋನಿಬಾಯಿ ಅವರ ಕೈ ಸೇರಿದ್ದಳು. ಅವರೂ ಸರದಿಯಲ್ಲಿ ಫೋಟೋ ತೆಗೆಸಿಕೊಂಡರು. ಆನೆ ಬಬಲ್ ರ‍್ಯಾಪಿನಲ್ಲಿ ಮಲಗಿತ್ತು.

ಆನೆಯ ಸಮಸ್ಯೆ ಇದೇ. ಹೊರಗೆ ತೆಗೆಯಲು ಎರಡು ನಿಮಿಷ, ಒಳಗೆ ಇಡಲು ಮೂರು ನಿಮಿಷ. ಅಷ್ಟರಲ್ಲಿ ಗುಂಪು ಮುಂದೆ ಹೋಗಿರುತ್ತದೆ.

ಜರ್ಮನಿಯ ಕೊಲೋನಿನಲ್ಲಿ ರೈಲಿನಿಂದ ಇಳಿದು ಹೊರಗೆ ಬಂದರೆ ಎದುರಿಗೇ ಕ್ಯಾಥೆಡ್ರಲ್, 157 ಮೀಟರ್ ಎತ್ತರ. ಕಟ್ಟಲು ಶುರು ಮಾಡಿದ್ದು 1248ರಲ್ಲಿ, ಮುಗಿಸಿದ್ದು 1880ರಲ್ಲಿ. ನಮ್ಮ ಕಡೆಯ ಕಾಮಗಾರಿಗಳನ್ನು ಇನ್ನು ಮುಂದೆ ಬೈಯಬಾರದು ಅಂದುಕೊಂಡೆ. ದಕ್ಷಿಣದ ಗೋಪುರಕ್ಕೆ 533 ಮೆಟ್ಟಿಲು. ಅಂಜನಾದ್ರಿಯ 575 ಹತ್ತಿದವರಿಗೆ ಇದ್ಯಾವ ಲೆಕ್ಕ ಅಂತ ಹೊರಟೆವು. ಆದರೆ ಅಂಜನಾದ್ರಿಯಲ್ಲಿ ಗಾಳಿ ಇದೆ, ಪಕ್ಕಕ್ಕೆ ಸರಿದು ಕೂರಲು ಜಾಗ ಇದೆ. ಇಲ್ಲಿ ಕಲ್ಲಿನ ಸುರುಳಿ ಮೆಟ್ಟಿಲು, ಹತ್ತುವವರೂ ಇಳಿಯುವವರೂ ಅದರಲ್ಲೇ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಬೇಕು. ಬೆನ್ನ ಮೇಲಿನ ಬ್ಯಾಗು ಗೋಡೆಗೆ ಒತ್ತಿದಾಗಲೆಲ್ಲ ನನಗೆ ಆನೆಯದೇ ಚಿಂತೆ. ಸಂಡೂರಿನವಳು ಸೋನಿಬಾಯಿಯನ್ನು ದುಪಟ್ಟಾದಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಆರಾಮಾಗಿ ಹತ್ತುತ್ತಿದ್ದಳು. ಕೆಳಗೆ ಬಂದಾಗ ಮಳೆ. ಹೋಟೆಲಿನಲ್ಲಿ ತೆಗೆದು ನೋಡಿದರೆ ಆನೆಯ ಬಾಲದ ಬುಡಕ್ಕೆ ತೇವ ತಾಗಿತ್ತು, ಅಂಟು ಸ್ವಲ್ಪ ಬಿಟ್ಟು ಬಾಲ ಅಲ್ಲಾಡುತ್ತಿತ್ತು. ಕಿನ್ನಾಳದ ಕಾಕಾ ಹೇಳಿದ್ದು ಸುಮ್ನೆ ಅಲ್ಲ.

ಗುಂಡಣ್ಣ ಗೆದ್ದ ಜಾಗ ಒಂದೇ, ಸ್ವಿಟ್ಜರ್ಲೆಂಡಿನ ಹಿಮಬೆಟ್ಟದ ಮೇಲಿನ ಯುಂಗ್‌ಫ್ರಾವ್‌ಯೋಖ್. 3454 ಮೀಟರ್ ಎತ್ತರ, 1912ರಿಂದ ಅಲ್ಲಿಗೆ ರೈಲು ಹೋಗುತ್ತದೆ. ಹಿಮದಲ್ಲಿ ಅವನನ್ನು ಹೂತರು, ಎಸೆದರು, ಮೇಲೆ ಕೂತರು. ರೂಮಿಗೆ ಬಂದು ಸಿಂಕಿನಲ್ಲಿ ಹಿಂಡಿ ಹೀಟರಿನ ಮೇಲೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಒಣಗಿದ್ದ. ಆಮೇಲೆ ದೂರದ ಬಸ್ಸಿನಲ್ಲಿ ತಲೆದಿಂಬೂ ಅವನೇ. ಇಷ್ಟು ಉಪಯೋಗ ಉಳಿದ ಇಬ್ಬರಿಂದಲೂ ಇಲ್ಲ. ಆದರೆ ಇಡೀ ದಾರಿಯಲ್ಲಿ ಒಬ್ಬರೂ ಅವನನ್ನು "ಇವನ್ಯಾರು?" ಅಂತ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಕೈಕಾಲು ಆಡಿಸುವ ಮೆತ್ತನೆ ಕರಡಿಯನ್ನು 1902ರಲ್ಲಿ ಮಾಡಿದ್ದೇ ಜರ್ಮನಿಯ ಸ್ಟೈಫ್ ಕಂಪನಿ. ತವರೂರಿಗೆ ಬಂದವನನ್ನು ಯಾರು ವಿಚಾರಿಸುತ್ತಾರೆ?

ಲೂಸರ್ನಿನ ಚಾಪೆಲ್ ಸೇತುವೆಯ ಮೇಲೆ ಮಾತ್ರ ಆನೆಗೆ ನ್ಯಾಯ ಸಿಕ್ಕಿತು. ಹದಿನಾಲ್ಕನೇ ಶತಮಾನದ ಮರದ ಸೇತುವೆ ಅದು, ಮೇಲೆ ಚಾವಣಿ, ಚಾವಣಿಯ ಕೆಳಗೆ ಮುಕ್ಕೋನದ ಹಲಗೆಗಳ ಮೇಲೆ ಹಳೇ ಚಿತ್ರಗಳು. 1993ರ ಬೆಂಕಿಯಲ್ಲಿ ಬಹಳಷ್ಟು ಚಿತ್ರಗಳು ಸುಟ್ಟುಹೋದವು. ಮರದ ಮೇಲೆ ಬಣ್ಣ ಬರೆದ ಆ ಕೆಲಸದ ಕೆಳಗೆ ನಮ್ಮ ಚಿತ್ರಗಾರರ ಆನೆ ನಿಂತಾಗ ಫೋಟೋ ತೆಗೆಯುವುದೇ ಬೇಡ, ಸುಮ್ನೆ ನೋಡುತ್ತಾ ಇರೋಣ ಅನ್ನಿಸಿತು. ಕೆಳಗೆ ರಾಯ್ಸ್ ನದಿ ಜೋರಾಗಿ ಹರಿಯುತ್ತಿತ್ತು. ಆನೆಯ ಕಾಲಿಗೆ ದಾರ ಕಟ್ಟಿ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಕಂಬಿಯ ಮೇಲೆ ಇಟ್ಟಿದ್ದೆ.

ನ್ಯೂರೆಂಬರ್ಗಿನಲ್ಲೂ ಹಾಗೇ ಆಯಿತು. ಆಟಿಕೆಗಳ ದೊಡ್ಡ ಮೇಳ ವರ್ಷಾ ವರ್ಷ ನಡೆಯುವ ಊರು ಅದು, ಆಟಿಕೆಗಳ ಮ್ಯೂಸಿಯಮ್ಮೂ ಇದೆ. ಹೊರಗಿನ ಬೆಂಚಿನ ಮೇಲೆ ಆನೆಯನ್ನು ಇಟ್ಟುಕೊಂಡು ಕೂತಿದ್ದಾಗ ಒಬ್ಬ ಹಿರಿಯರು ಕೇಳಿ ಕೈಗೆ ತೆಗೆದುಕೊಂಡರು. ಮೊದಲು ತೂಕ ನೋಡಿದರು. ಆಮೇಲೆ ಕನ್ನಡಕ ಹಣೆಗೇರಿಸಿ ಅಂಬಾರಿಯ ಅಂಚಿನ ಉಬ್ಬಿದ ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಇದು ಕೆತ್ತಿದ್ದೋ ಅಂಟಿಸಿದ್ದೋ ಅಂತ ಅವರ ಪ್ರಶ್ನೆ. ಹುಣಸೆ ಬೀಜದ ಅಂಟು ಅಂದರೆ ಅವರಿಗೆ ತಿಳಿಯಲಿಲ್ಲ, ಫೋನಿನಲ್ಲಿ ಹುಣಸೆಕಾಯಿ ತೋರಿಸಬೇಕಾಯಿತು. ಅಲ್ಲಾಡುವ ಬಾಲ ಕಂಡು ಜೇಬಿನಿಂದ ಅಂಟಿನ ಟ್ಯೂಬು ತೆಗೆದೇಬಿಟ್ಟರು. ಬೇಡ, ಮಾಡಿದವರ ಹತ್ತಿರವೇ ರಿಪೇರಿ ಮಾಡಿಸುತ್ತೇನೆ ಅಂದೆ. ಸರಿಯಾದ ಮಾತು ಅನ್ನುವಂತೆ ತಲೆಯಾಡಿಸಿದರು.

ಪ್ರಾಗಿನಲ್ಲಿ ಮೂವರೂ ಸೋತರು. ಅಲ್ಲಿ ಅಂಗಡಿ ಅಂಗಡಿಯಲ್ಲೂ ದಾರದ ಗೊಂಬೆಗಳು ನೇತಾಡುತ್ತವೆ. ಜೆಕ್ ಮತ್ತು ಸ್ಲೋವಾಕ್ ಗೊಂಬೆಯಾಟ 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಊರಿನ ಹಳೇ ಚೌಕದಲ್ಲಿರುವ 1410ರ ಗಡಿಯಾರ ಗಂಟೆ ಹೊಡೆದರೆ ಕಿಟಕಿಯಲ್ಲಿ ಏಸುವಿನ ಹನ್ನೆರಡು ಮಂದಿ ಶಿಷ್ಯರ ಗೊಂಬೆಗಳು ಸಾಲಾಗಿ ಬಂದು ಹೋಗುತ್ತವೆ. ಊರವರ ಗೊಂಬೆಗಳೇ ಇಷ್ಟು ಇರುವಾಗ ನೆಂಟರ ಗೊಂಬೆಯನ್ನು ಯಾರು ನೋಡುತ್ತಾರೆ?

ಈಗ ತೀರ್ಪು. ಕೈಕೆಲಸ ನೋಡಿದರೆ ಕಿನ್ನಾಳದ ಆನೆಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮ್ಯಾಸ್ಕಾಟ್ ಅಂದರೆ ಬ್ಯಾಗಿನಿಂದ ತಟ್ಟನೆ ಹೊರಗೆ ಬರಬೇಕು, ಅಪರಿಚಿತರ ಕೈಗೆ ಹೋಗಬೇಕು, ಕೆಳಗೆ ಬಿದ್ದರೂ ಏಳಬೇಕು. ಅದಕ್ಕೆ ಸೋನಿಬಾಯಿ. ಒಂದು ಕವಡೆ ಉದುರಿದ್ದು ಬಿಟ್ಟರೆ ಹೋದಂತೆಯೇ ತಿರುಗಿ ಬಂದಳು. ಕನ್ನಡಿಗಳು ಒಡೆಯಲಿಲ್ಲ, ಯಾಕೆಂದರೆ ಸುತ್ತಲಿನ ಹೊಲಿಗೆ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು, ಮೂರು ಹೊತ್ತೂ ಮಳೆ ಹಿಮದಲ್ಲಿ ಓಡಾಡುವವರು ಟೆಡ್ಡಿ ಒಯ್ಯಿರಿ, ನನ್ನ ಅಡ್ಡಿ ಇಲ್ಲ. ಆನೆಯನ್ನು ಒಯ್ಯುವುದಾದರೆ ಒಂದೇ ಊರಿನಲ್ಲಿ ನಾಲ್ಕು ದಿನ ಇರುವವರು, ನಿಧಾನಕ್ಕೆ ನೋಡುವವರು ಒಯ್ಯಿರಿ. ಬಬಲ್ ರ‍್ಯಾಪ್ ಬದಲು ಹಳೇ ಕಾಟನ್ ಸೀರೆಯ ತುಂಡು ಒಳ್ಳೆಯದು, ಬಣ್ಣಕ್ಕೆ ಅಂಟಿಕೊಳ್ಳುವುದಿಲ್ಲ. ಜೊತೆಗೊಂದು ಸ್ಟೀಲಿನ ಡಬ್ಬಿ ಇರಲಿ.

ಬಾಲ ಹಚ್ಚಿಸಲು ಮೊನ್ನೆ ಕಿನ್ನಾಳಕ್ಕೆ ಹೋಗಿದ್ದೆ. ಕಾಕಾ ಆನೆಯನ್ನು ತಿರುಗಿಸಿ ನೋಡಿ, "ನೀರಾಗ ಇಟ್ಟಿದ್ದಿ ಹೌದಿಲ್ಲೋ?" ಅಂತ ಗದರಿಸಿ, ಅಲ್ಲೇ ಕೂತು ಸರಿ ಮಾಡಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಬ್ಯಾಗಿನ ಹೊರಗಿನ ಜೇಬಿನಲ್ಲಿ ಹಿಡಿಯುವಂಥ, ರೆಕ್ಕೆ ಮೈಗೆ ಅಂಟಿದಂತೆ ಇರುವ, ಚಾಚಿದ ಭಾಗ ಏನೂ ಇಲ್ಲದ ಒಂದು ಸಣ್ಣ ಗಿಳಿ ಮಾಡಿಕೊಡ್ತೀರಾ ಅಂತ ಕೇಳಿದೆ. ಮಾಡೋಣ, ಆದರೆ ಈಗ ಗಣಪತಿ ಕೆಲಸ ಕೈತುಂಬ ಇದೆ, ಚವತಿ ಮುಗಿದ ಮೇಲೆ ಬಾ ಅಂದಿದ್ದಾರೆ.