ಬಾಯಿಮಾತಿನ ಎಸ್ಟಿಮೇಟ್ ನಂಬಿ ಗಾಡಿ ಬಿಡಬೇಡಿ

ತಂದೆಯವರ 1998ರ ಮಾರುತಿ ಜಿಪ್ಸಿಯನ್ನು ಹೊಸದರಂತೆ ಮಾಡಿಸುವ ಆಸೆಯಿಂದ ಬೆಂಗಳೂರಿನ ಒಂದು ಮಾಡಿಫಿಕೇಷನ್ ಗ್ಯಾರೇಜಿಗೆ ಕೊಟ್ಟಿದ್ದೆ. ಟಿಂಕರಿಂಗ್, ಪೇಂಟಿಂಗ್, ಸೀಟಿನ ಕೆಲಸ ಎಲ್ಲವೂ ಸೇರಿ ‘ಒಂದು ಹತ್ತರೊಳಗೆ ಮುಗಿಸಿಕೊಡುತ್ತೇನೆ ಸರ್’ (ಅಂದರೆ 1,10,000 ರೂಪಾಯಿಯೊಳಗೆ) ಎಂದ ಮಾಲೀಕರ ಮಾತನ್ನು ನಂಬಿ, ಬರವಣಿಗೆಯಲ್ಲಿ ಏನನ್ನೂ ಪಡೆಯದೆ 60,000 ರೂಪಾಯಿ ಮುಂಗಡ ಕೊಟ್ಟೆ. ನಡುವೆ ಒಮ್ಮೆ ಫೋನ್ ಮಾಡಿ, ತಳದ ಶೀಟಿಗೆ ತುಕ್ಕು ಹಿಡಿದಿದೆ, ಬದಲಾಯಿಸಬೇಕು ಎಂದರು. ಆಫೀಸಿನ ಗಡಿಬಿಡಿಯಲ್ಲಿ ‘ಆಗಲಿ, ನೋಡಿ ಮಾಡಿ’ ಎಂದುಬಿಟ್ಟೆ. ಆ ಮೂರು ಪದಗಳು ಎಷ್ಟು ದುಬಾರಿಯಾದವೆಂಬುದು ಮೂರು ತಿಂಗಳ ನಂತರ ಬಿಲ್ ಕೈಗೆ ಬಂದಾಗಲೇ ತಿಳಿದದ್ದು.

ಕೆಲಸಕ್ಕೆ 1,58,000, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು 28,440, ಒಟ್ಟು 1,86,440 ರೂಪಾಯಿ. ತೆರಿಗೆ ಹಾಕಿದ್ದ ಆ ಹಾಳೆಯಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆಯೇ ಇರಲಿಲ್ಲ. ನೋಂದಣಿ ಇಲ್ಲದವರು ಗ್ರಾಹಕರಿಂದ ಈ ತೆರಿಗೆ ವಸೂಲಿ ಮಾಡುವಂತಿಲ್ಲ. ಬಾಕಿ ಕೊಡದೆ ಕೀಲಿ ಕೊಡುವುದಿಲ್ಲ ಎಂದಾಗ ಮೊದಲು ಕೋಪ ಬಂದರೂ, ವಕೀಲ ಗೆಳೆಯರೊಬ್ಬರು ತಡೆದರು. ದುರಸ್ತಿಗೆ ಪಡೆದ ವಸ್ತುವಿನ ಮೇಲೆ ಶ್ರಮ ವಹಿಸಿ ಕೆಲಸ ಮುಗಿಸಿದವರು ತಕ್ಕ ಕೂಲಿ ಸಿಗುವವರೆಗೆ ಅದನ್ನು ಇಟ್ಟುಕೊಳ್ಳಲು 1872ರ ಕರಾರು ಕಾಯ್ದೆಯ 170ನೇ ಕಲಂ ಅವಕಾಶ ಕೊಡುತ್ತದೆ. ಆದ್ದರಿಂದ ಅಲ್ಲಿ ನಿಂತು ಕೂಗಾಡುವುದಕ್ಕಿಂತ, ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು, ಫೋಟೊ ತೆಗೆದುಕೊಂಡು, ಬಾಕಿ 1,26,440 ರೂಪಾಯಿಯನ್ನು ನಗದಿನ ಬದಲು ಬ್ಯಾಂಕ್ ಮೂಲಕವೇ ಕಳುಹಿಸಿ ಗಾಡಿ ಬಿಡಿಸಿಕೊಳ್ಳುವುದು ಲೇಸು ಎಂದರು. ಹಾಗೆಯೇ ಮಾಡಿದೆ.

ಮನೆಗೆ ತಂದ ಮೇಲೆ ಮಗಳು ಫ್ರಿಡ್ಜಿನ ಬಾಗಿಲಿನಿಂದ ಒಂದು ಅಯಸ್ಕಾಂತ ಕಿತ್ತು ತಂದಳು. ಬಾನೆಟ್ಟಿಗೆ ಟಕ್ಕೆಂದು ಅಂಟಿದ ಅದು, ‘ಹೊಸ ಶೀಟ್, 24,000’ ಎಂದು ಬಿಲ್ಲಿನಲ್ಲಿ ನಮೂದಿಸಿದ್ದ ಜಾಗದಲ್ಲಿ ಅಂಗೈಯಗಲದಷ್ಟು ಕಡೆ ನಿಲ್ಲದೆ ಜಾರಿ ಬಿತ್ತು. ಬಣ್ಣದ ಕೆಳಗಿದ್ದದ್ದು ಕಬ್ಬಿಣದ ಶೀಟಲ್ಲ, ತಗ್ಗು ಮುಚ್ಚಲು ಮೆತ್ತುವ ದಪ್ಪನೆಯ ಪುಟ್ಟಿ; ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ತೆಗೆದ ಹಳೆಯ ಶೀಟ್ ತೋರಿಸಿ ಎಂದರೆ ಗುಜರಿಗೆ ಹೋಯಿತೆಂಬ ಉತ್ತರ ಬಂತು.

ಈ ಪರೀಕ್ಷೆಯನ್ನು ವಿಡಿಯೊ ಮಾಡಿ, ಬಿಲ್ಲಿನ ಪ್ರತಿಯೊಂದಿಗೆ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳುಹಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಹತ್ತು ದಿನಗಳಲ್ಲಿ ತೆರಿಗೆಯೆಂದು ಪಡೆದ 28,440 ರೂಪಾಯಿ ಮಾತಿಲ್ಲದೆ ಖಾತೆಗೆ ಮರಳಿತು. ಶೀಟಿನ ಹಣಕ್ಕೆ ಮಾತ್ರ ಅವರು ಜಗ್ಗಲಿಲ್ಲವಾದ್ದರಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇನೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ಆದರೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ‘ನೋಡಿ ಮಾಡಿ’ ಎಂದಿದ್ದನ್ನೇ ಒಪ್ಪಿಗೆಯೆಂದು ಅವರೀಗ ಉತ್ತರದಲ್ಲಿ ಬರೆದಿದ್ದಾರೆ. ಆ ಕರೆಯ ಬದಲು ಮೊತ್ತ ನಮೂದಿಸಿದ ಒಂದು ವಾಟ್ಸ್ಆ್ಯಪ್ ಸಂದೇಶ ಕೇಳಿ, ಹಳೆಯ ಶೀಟನ್ನು ಗಾಡಿಯ ಹಿಂದೆ ಹಾಕಿಸಿಕೊಂಡು ಬಂದಿದ್ದರೆ ಈ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ.