ಕೈರೋದಲ್ಲಿ ಕೊಂಡ ಮಡಕೆ: ಆಕಾರ ಚೆನ್ನ, ಬಣ್ಣ ಮೋಸ

ಕೈರೋದ ಖಾನ್ ಎಲ್ ಖಲೀಲಿ ಬಜಾರಿನ ಸಣ್ಣ ಅಂಗಡಿಯೊಂದರಲ್ಲಿ ಎರಡು ನಕಲು ಮಡಕೆ ಕೊಂಡೆ. ಮೊದಲನೆಯದು ಪ್ರಾಚೀನ ಈಜಿಪ್ಟಿನ ನಕಾದಾ ಅನ್ನೋ ಕಾಲದ ಮಡಕೆಯ ನಕಲು. ಅಂಗಡಿಯವನು 'ಫರೋಗಳ ಕಾಲದ್ದು', ಅಂದರೆ ಈಜಿಪ್ಟಿನ ಪ್ರಾಚೀನ ರಾಜರ ಕಾಲದ್ದು ಅಂದ. ಆದರೆ ಈ ದೋಣಿ ಚಿತ್ರದ ಮಡಕೆಗಳು ಕ್ರಿ.ಪೂ. 3500ರ ಆಸುಪಾಸಿನವು, ಫರೋಗಳು ಇನ್ನೂ ಬಂದೇ ಇರಲಿಲ್ಲ!

ಆಕಾರಕ್ಕೆ ಪೂರ್ತಿ ಅಂಕ. ಸಾಲು ಸಾಲು ಹುಟ್ಟುಗಳ ದೋಣಿ, ಕೈ ಮೇಲೆತ್ತಿ ನಿಂತ ಹೆಂಗಸು, ದಾರ ಪೋಣಿಸಲು ತೂತಿರುವ ಪುಟ್ಟ ಕಿವಿಗಳು, ಎಲ್ಲ ಇವೆ. ಬಣ್ಣ ಮಾತ್ರ ಕೈಕೊಟ್ಟಿತು. ಆಗಿನವರು ಕೆಂಪು-ಕಂದು ಬಣ್ಣದಲ್ಲಿ ಚಿತ್ರ ಬರೆದು ಆಮೇಲೆ ಸುಡುತ್ತಿದ್ದರು, ಅದಕ್ಕೇ 5,000 ವರ್ಷ ಕಳೆದರೂ ಅದು ನಿಂತಿದೆ. ಇವರು ಸುಟ್ಟ ಮೇಲೆ ಬಳಿದಿದ್ದಾರೆ, ಒದ್ದೆ ಬೆರಳಲ್ಲಿ ಸುಮ್ನೆ ಉಜ್ಜಿದೆ, ಒಂದು ಹುಟ್ಟು ಬೆರಳಿಗೇ ಬಂತು.

ಎರಡನೆಯದು ನೀಲಿ ಕಮಲದ ಎಸಳಿರುವ ಹೂಜಿ, ಅಮರ್ನಾ ಕಾಲದ (ಫರೋ ಅಖೆನಾತೆನ್‌ನ ಕಾಲ, ಕ್ರಿ.ಪೂ. 14ನೇ ಶತಮಾನ) ಶೈಲಿ. ಮೂಲದಲ್ಲಿ ಕೋಬಾಲ್ಟ್‌ನ ಮಾಸಲು ತಿಳಿನೀಲಿ, ಇದರಲ್ಲಿ ಪೆನ್ ಇಂಕು ಚೆಲ್ಲಿದ ಹಾಗಿದೆ. ಶೆಲ್ಫಿನಲ್ಲಿಡಲು ಸರಿ, ನೀರು ತಾಗಿಸಬೇಡಿ.

ಅಂದಹಾಗೆ, ಆಗಿನ ಸಾಮಾನ್ಯರ ಮನೆಯಲ್ಲಿ ಬಿಯರ್‌ಗೆ, ರೊಟ್ಟಿಗೆ ಇದ್ದದ್ದು ಜಾಸ್ತಿ ನೈಲ್ ನದಿ ಮಣ್ಣಿನ, ಚಿತ್ರವಿಲ್ಲದ ಸಾದಾ ಮಡಕೆಗಳೇ. ಅಂಥದ್ದೊಂದು ಇದೆಯಾ ಅಂತ ಕೇಳಿದೆ. ಅಂಗಡಿಯವನು ನಕ್ಕುಬಿಟ್ಟ.