ಕೊಲ್ಲೂರಿಗೆ ನಡೆದದ್ದಕ್ಕೆ ಬೇಸರವಿಲ್ಲ, ದುಡ್ಡು ಕೊಟ್ಟದ್ದಕ್ಕೆ ಉಂಟು

ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಅದೇ ಜನ ಇನ್ನೊಂದು ಪಾದಯಾತ್ರೆಗೆ ಹೊರಟಿದ್ದಾರೆ.

ಕಳೆದ ಡಿಸೆಂಬರ್‌ನಲ್ಲಿ ಉಡುಪಿಯಿಂದ ಕೊಲ್ಲೂರಿಗೆ ಎರಡು ದಿನ ನಡೆದೆವು. ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬ ಹುಡುಗನಿಗೆ ನೆರವು ಅಂತ. ನಡೆಯುವವರು ಗೊತ್ತಿದ್ದವರ ಹತ್ತಿರ ಕಿಲೋಮೀಟರಿಗೆ ಇಷ್ಟು ಅಂತ ಒಪ್ಪಿಸಿ ದುಡ್ಡು ಒಟ್ಟು ಮಾಡಬೇಕು. ನಾನು 23,400 ರೂಪಾಯಿ ಮಾಡಿದೆ. ಅದರಲ್ಲಿ ನಮ್ಮ ಮನೆಗೆ ಮೀನು ತರುವ ಅಮ್ಮನ 200 ರೂಪಾಯಿಯೂ ಉಂಟು. ಈಗ ಅದೇ ಜಾಸ್ತಿ ಚುಚ್ಚುವುದು.

ನಡಿಗೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕಲ್ಯಾಣಪುರ ಸೇತುವೆ ಮೇಲೆ ಬೆಳಗಾಯಿತು. ಸಾಸ್ತಾನ ಟೋಲ್ ಹತ್ತಿರ ಹೈವೇ ಬಿಸಿಲಿಗೆ ತಲೆ ಸುತ್ತಿತು. ಆನೆಗುಡ್ಡೆ ಗಣಪತಿಗೆ ಕೈ ಮುಗಿದು ಕುಂದಾಪುರದಲ್ಲಿ ಉಳಿದೆವು. ಮರುದಿನ ಹೆಮ್ಮಾಡಿಯಲ್ಲಿ ತಿರುಗಿ ವಂಡ್ಸೆ ದಾರಿ. ಸೌಪರ್ಣಿಕೆಯಲ್ಲಿ ಕಾಲಿಟ್ಟಾಗ ಗುಳ್ಳೆಗಳೆಲ್ಲ ಚುರುಚುರು.

ದುಡ್ಡು ಕೊಟ್ಟದ್ದು ಅಲ್ಲೇ, ಸಂಜೆ. ಟ್ರಸ್ಟಿನ ಹೆಸರಿನಲ್ಲಿ ಪಾದಯಾತ್ರೆ ಏರ್ಪಡಿಸಿದವರು ಮೊಬೈಲ್‌ನಲ್ಲಿ ಕ್ಯೂಆರ್ ತೋರಿಸಿದರು. ಸ್ಕ್ಯಾನ್ ಮಾಡಿದೆ. ಬಂದ ಹೆಸರು ಟ್ರಸ್ಟಿನದ್ದಲ್ಲ, ಅವರದ್ದೇ.

"ಅಣ್ಣ, ಇದರಲ್ಲಿ ನಿಮ್ಮ ಹೆಸರು ಬರ್ತದಲ್ಲ?"

"ಟ್ರಸ್ಟಿನ ಕ್ಯೂಆರ್ ಇನ್ನೂ ಬರ್ಲಿಲ್ಲ ಅಕ್ಕ. ನಾನೇ ಅದಕ್ಕೆ ಹಾಕ್ತೇನೆ. ಎಂಥ ಹೆದರಿಕೆ ಮಾರಾಯ್ರೆ?"

ಹಿಂದೆ ಸಾಲು ನಿಂತಿತ್ತು. ಯಾರೋ ಭಜನೆ ಹೇಳುತ್ತಿದ್ದರು. ದೇವಿಯ ಎದುರು ಚೌಕಾಸಿ ಮಾಡಿದ ಹಾಗೆ ಆಗುತ್ತದೆ ಅಂತ ಸುಮ್ಮನಾದೆ. ಹೆಸರು ನೋಡಿದ್ದೆ. ಕೇಳಿಯೂ ಇದ್ದೆ. ಆದರೂ ಪಿನ್ ಒತ್ತಿದೆ. ನೋಡಿಯೂ ಒತ್ತಿದೆ! ರಾತ್ರಿ ಎದ್ದು ಕೂತರೆ ಇದೇ ನೆನಪಾಗುತ್ತದೆ.

ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಶೀದಿ ಕೊಡುತ್ತೇವೆ ಅಂದಿದ್ದರು. ತಿಂಗಳಾದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ದೇವಿಯ ಫೋಟೋ, ಧನ್ಯವಾದ, ಅಷ್ಟೇ. ಪ್ಯಾನ್ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಪಕ್ಕದ ಮನೆಯ ರಾಯರು ಬ್ಯಾಂಕಿನಲ್ಲಿದ್ದವರು. ನನ್ನ ಮಾತಿಗೆ 5,000 ಕೊಟ್ಟಿದ್ದರು. ಕನ್ನಡಕ ಏರಿಸಿ ನೋಡಿ, "ಇದನ್ನು ಫ್ರಿಜ್ಜಿಗೆ ಅಂಟಿಸಿ" ಅಂದರು. 80ಜಿಗೆ ಸಂಸ್ಥೆಯವರು 10ಬಿಇ ಪ್ರಮಾಣಪತ್ರ ಕೊಡಬೇಕಂತೆ. 2,000 ದಾಟಿ ನಗದು ಕೊಟ್ಟರೂ ರಿಯಾಯಿತಿ ಇಲ್ಲವಂತೆ. ನನಗೆ ಎಲ್ಲಿ ಗೊತ್ತು?

ಕೊನೆಗೆ ಹುಡುಗನ ಮನೆ ಹುಡುಕಿಕೊಂಡು ಹೋದೆ. ಅವನ ಅಮ್ಮ ಚಾ ಕೊಟ್ಟರು. ಡಯಾಲಿಸಿಸ್ ಸರಕಾರಿ ಆಸ್ಪತ್ರೆಯಲ್ಲಿ ಉಚಿತವೇ, ಬಸ್ಸು, ರಿಕ್ಷಾ, ಔಷಧಿ ಖರ್ಚು ತಾಳಲಿಕ್ಕೆ ಆಗುವುದಿಲ್ಲ ಅಂದರು. ಎಷ್ಟು ಸಿಕ್ಕಿತು ಅಂತ ಕೇಳಿದೆ. 15,000. ಗ್ರೂಪಿನಲ್ಲಿ "ನಿಮ್ಮೆಲ್ಲರ ಪಾದಕ್ಕೆ ನಮಸ್ಕಾರ" ಅಂತ ಹಾಕಿದ ಲೆಕ್ಕ 3 ಲಕ್ಷ 12 ಸಾವಿರ! ಹುಡುಗನ ಫೋಟೋ ಅಷ್ಟು ದೊಡ್ಡದಾಗಿ ಫ್ಲೆಕ್ಸಿನಲ್ಲಿ ಹಾಕುವುದೂ ಅವರಿಗೆ ಗೊತ್ತಿರಲಿಲ್ಲ.

ದುಡ್ಡು ತೆಗೆದುಕೊಂಡವರಿಗೆ ಫೋನ್ ಮಾಡಿದೆ. "ಖರ್ಚು ಇಲ್ವಾ ಅಕ್ಕ? ಊಟ, ಟೀ ಶರ್ಟ್, ಫ್ಲೆಕ್ಸ್?" ಅದಕ್ಕೇ ಅಲ್ವಾ ನಾವು ತಲಾ 700 ಬೇರೆ ಕೊಟ್ಟದ್ದು ಅಂದೆ. "ದೇವರ ಕೆಲಸದಲ್ಲಿ ಲೆಕ್ಕ ಕೇಳುವವರನ್ನು ಮೊದಲ ಸಲ ನೋಡಿದ್ದು" ಅಂದರು. ಹತ್ತು ನಿಮಿಷದಲ್ಲಿ ಗ್ರೂಪಿನಿಂದ ನನ್ನನ್ನು ತೆಗೆದಾಗಿತ್ತು. ದೇವರ ಕೆಲಸವಂತೆ. ಕಾಲು ಯಾರದ್ದು, ಕೆಲಸ ಯಾರದ್ದು?

ಮೀನಿನ ಅಮ್ಮನಿಗೆ 200 ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ರಾಯರು ತೆಗೆದುಕೊಂಡರು.

ನಡೆಯಿರಿ, ಬೇಡ ಅನ್ನುವುದಿಲ್ಲ. ದುಡ್ಡನ್ನು ಮಾತ್ರ ಕಾಯಿಲೆಯವರ ಮನೆಯವರಿಗೇ ನೇರ ಹಾಕಿ. ಟ್ರಸ್ಟ್ ಅಂದರೆ ಟ್ರಸ್ಟಿನ ಹೆಸರಿನ ಖಾತೆ ಕೇಳಿ. ಸ್ಕ್ಯಾನ್ ಮಾಡಿದಾಗ ವ್ಯಕ್ತಿಯ ಹೆಸರು ಬಂದರೆ, ಭಜನೆ ನಡೆಯುತ್ತಿದ್ದರೂ ಸರಿ, ಮೊಬೈಲ್ ಚೀಲದೊಳಗೆ ಹಾಕಿ.

ಹೊಸ ಪೋಸ್ಟರ್ ನಿನ್ನೆ ನನ್ನ ತಂಗಿಗೆ ಬಂದಿದೆ. ಈ ಸಲ ಕಟೀಲಿಗೆ, ಬೇರೆ ಹುಡುಗಿಯ ಫೋಟೋ. ಸ್ಕ್ಯಾನ್ ಮಾಡಿ ನೋಡಿದೆ. ಹೆಸರು ಅದೇ.